ಗಾಜು ಒಡೆಯದಿದ್ದರೆ

ಅವನು ಅವಳೊಂದಿಗೆ ಆಡಿದ ಮೊದಲ ಮಾತೇ "ಆ ಹಗ್ಗ ಬಿಡಿ" ಎಂಬುದು.

ಅವಳು ಬಿಡಲಿಲ್ಲ. ಅಜ್ಜ ಎಳೆದ ಹಗ್ಗ, ಅಪ್ಪ ಎಳೆದ ಹಗ್ಗ. ಈಗ ಚರ್ಚಿನ ಗಂಟೆ ಅವಳದು. ಎಲ್ಲಿಂದಲೋ ಬಂದು ಗೋಪುರದ ಮೆಟ್ಟಿಲ ಮೇಲೆ ನಿಂತು ಅಪ್ಪಣೆ ಕೊಡಲು ಇವನ್ಯಾರು? ಕೇಳಿಯೇ ಬಿಡೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಅವನು ಟಾರ್ಚ್ ಹಿಡಿದು ಗೋಡೆ ತೋರಿಸಿದ. ಗೋಪುರ ಹೊತ್ತ ಕೆಳಗಿನ ಕಮಾನಿನ ನೆತ್ತಿಯಿಂದ ಹೊರಟ ಬಿರುಕೊಂದು ಅವಳ ಭುಜದ ಪಕ್ಕದಲ್ಲೇ ಹಾದು ಮೇಲೆ ಹೋಗಿತ್ತು. ಬೆರಳು ತೂರುವಷ್ಟು ಅಗಲ. ಹಗ್ಗ ತಾನಾಗಿಯೇ ಕೈಯಿಂದ ಜಾರಿತು.

ಹಳೇ ಕಟ್ಟಡಗಳನ್ನು ರಿಪೇರಿ ಮಾಡುವ ಇಂಜಿನಿಯರ್ ಅವನು, ಪಾದ್ರಿಗಳೇ ಕರೆಸಿದ್ದರು. ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಯೊಂದನ್ನು ಅಂಟಿಸಿದ. ಗೋಡೆ ಕೂದಲೆಳೆಯಷ್ಟು ಜರುಗಿದರೂ ಗಾಜು ಒಡೆಯುತ್ತದೆ ಎಂದ. ಚರ್ಚಿನ ವಾರ್ಷಿಕೋತ್ಸವದವರೆಗೆ ಅದು ಹಾಗೇ ಉಳಿದರೆ ಅವತ್ತು ಗಂಟೆ ಬಾರಿಸಬಹುದು, ಒಳಗೆ ಆರಾಧನೆಯನ್ನೂ ನಡೆಸಬಹುದು. ಒಡೆದರೆ ಬಾಗಿಲಿಗೆ ಬೀಗ. ಅಲ್ಲಿಯವರೆಗೆ ಪಕ್ಕದ ಶಾಲೆಯ ಹಾಲ್ ಸಾಕು. ದಿನಾ ಬೆಳಿಗ್ಗೆ ತಾನು ಬಂದು ಗಾಜು ನೋಡಬೇಕು, ಕೀಲಿ ಇಟ್ಟುಕೊಂಡವರು ಜೊತೆಗಿರಬೇಕು ಎಂದೂ ಹೇಳಿದ. ಕೀಲಿ ಅವಳ ಬಳಿಯೇ ಇತ್ತು.

ಚರ್ಚಿನ ಸಭೆಯವರಿಗೆ ಇದು ನುಂಗಲಾರದ ತುತ್ತಾಯಿತು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ಹಾಗೆ ಆ ಕಟ್ಟಡದ ಸೋರುವ ಸೂರೂ ಅವರಿಗೆ ಮುದ್ದೇ. ಅಲ್ಲೇ ಮದುವೆಯಾದವರು, ಅಲ್ಲೇ ಮಕ್ಕಳಿಗೆ ಹೆಸರಿಟ್ಟವರು, ತಮ್ಮವರನ್ನು ಅಲ್ಲಿಂದಲೇ ಮಣ್ಣಿಗೆ ಕಳಿಸಿದವರು. ವಾರ್ಷಿಕೋತ್ಸವದ ದಿನ ಗಂಟೆ ಕೇಳಿದೊಡನೆ ಒಬ್ಬೊಬ್ಬರೂ ಒಳಗೆ ಹೋಗಿ, ಕಲ್ಲಿನ ಗೋಡೆಗೆ ಅಂಗೈ ಊರಿ, "ನಿಂತಿರು, ನಾವಿದ್ದೀವಿ" ಎನ್ನುತ್ತಿದ್ದರು. ಯಾವ ಪ್ರಾರ್ಥನೆ ಪುಸ್ತಕದಲ್ಲೂ ಇಲ್ಲದ ಮಾತು. ಯಾರು ಶುರು ಮಾಡಿದರೋ ಗೊತ್ತಿಲ್ಲ. ಅಪ್ಪ ಹೋದ ವರ್ಷ ಅವಳು ಅತ್ತಿದ್ದು ಮನೆಯಲ್ಲಲ್ಲ, ಆ ಗೋಡೆಗೆ ಕೈಯಿಟ್ಟಾಗ.

ಹೀಗಾಗಿ ದಿನಾ ಮೆಟ್ಟಿಲು ಹತ್ತುವಾಗ ಅವಳ ಎದೆ ಡವಡವ ಎನ್ನುತ್ತಿತ್ತು. ಅವನು ಮುಂದೆ, ಅವಳು ಹಿಂದೆ. ಟಾರ್ಚಿನ ಬೆಳಕು ಗಾಜಿನ ಮೇಲೆ ಬೀಳುವವರೆಗೂ ಅವಳು ಉಸಿರಾಡುತ್ತಿರಲಿಲ್ಲ.

"ಒಡೆದಿಲ್ಲ" ಎನ್ನುತ್ತಿದ್ದ ಅವನು, ಅವಳನ್ನು ನೋಡುತ್ತ.

"ಗಾಜು ಆ ಕಡೆ ಇದೆ" ಎಂದಳು ಒಂದು ದಿನ.

"ಗೊತ್ತು. ನೀವು ಉಸಿರು ಬಿಟ್ರಾ ಅಂತ ನೋಡಿದೆ."

ಮನೆಯಲ್ಲಿ ಅತ್ತೆ, ಅಂದರೆ ಅಪ್ಪನ ತಂಗಿ, ಅವನಿಗೆ ಬಿರುಕಪ್ಪ ಎಂದು ಹೆಸರಿಟ್ಟಾಗಿತ್ತು. ಬಿರುಕು ನೋಡಲು ಹೋಗುವವಳು ಬಿಚ್ಚಿ ಬಿಚ್ಚಿ ಜಡೆ ಹಾಕಿಕೊಳ್ಳುವುದು ಯಾಕೆ ಎಂದು ಕೇಳಿ, ಉತ್ತರಕ್ಕೂ ಕಾಯದೆ ನಕ್ಕಿದ್ದಳು. ಅವಳಿಗೆ ನಗು ಬರಲಿಲ್ಲ. ಇನ್ನೊಂದು ಭಯ ಆಗಲೇ ಒಳಗೆ ಬಂದು ಕೂತಿತ್ತು. ಗಾಜು ಒಡೆದರೆ ಚರ್ಚು ಹೋಗುತ್ತದೆ. ಒಡೆಯದಿದ್ದರೆ, ಕೆಲಸ ಮುಗಿಸಿ ಅವನು ಹೋಗುತ್ತಾನೆ.

ವಾರ್ಷಿಕೋತ್ಸವದ ಬೆಳಿಗ್ಗೆ ಅಂಗಳ ತುಂಬಿ ತುಳುಕುತ್ತಿತ್ತು. ಕಮಾನಿನ ಕೆಳಗೆ ಆಸರೆಗೆ ಕೊಟ್ಟಿದ್ದ ಮರದ ಕಂಬಗಳನ್ನು ಕೊನೆಯ ಸಲ ನೋಡಿಬರಲು ಅವನು ಒಳಗೆ ಹೋದ. ಗಾಜು ಸರಿಯಿದ್ದರೆ ಬಾರಿಸಿ ಎಂದು ಅವಳಿಗೆ ಹೇಳಿದ್ದ. ಅವಳು ಒಬ್ಬಳೇ ಹತ್ತಿದಳು, ಹಗ್ಗ ಹಿಡಿದಳು, ಟಾರ್ಚ್ ಹಾಕಿದಳು.

ಗಾಜು ಎರಡು ತುಂಡಾಗಿತ್ತು.

ಕೆಳಗೆ ಅವನಿದ್ದಾನೆ, ಸರಿಯಾಗಿ ಕಮಾನಿನಡಿಯಲ್ಲಿ. ಕೂಗಿದರೆ ಅಂಗಳದ ಗದ್ದಲದಲ್ಲಿ ಕೇಳಿಸದು. ಗಂಟೆಯೇನೋ ಕೇಳಿಸುತ್ತದೆ; ಆದರೆ ಅದರ ಕಂಪನಕ್ಕೆ ಗೋಡೆ ಉಳಿಯುತ್ತದೆಯೇ? ಅದೂ ಅಲ್ಲದೆ, ಗಂಟೆ ಕೇಳಿದರೆ ಸಭೆಯೆಲ್ಲ ಒಳಗೆ ಬರುತ್ತದೆ. ಮಲಗಿದ ಮಗುವಿನ ಪಕ್ಕದಿಂದ ಏಳುವವಳಂತೆ ಮೆಲ್ಲಗೆ ಹಗ್ಗ ಬಿಟ್ಟಳು. ಗೋಡೆ ಮುಟ್ಟದೆ, ಸದ್ದು ಮಾಡದೆ, ಜೀವ ಕೈಯಲ್ಲಿ ಹಿಡಿದುಕೊಂಡು ಇಳಿದಳು.

ಚರ್ಚಿನ ಬಾಗಿಲಲ್ಲಿ ಅತ್ತೆ ನಿಂತಿದ್ದಳು. ಯಾರನ್ನೂ ಒಳಗೆ ಬಿಡಬೇಡಿ ಎಂದಷ್ಟೇ ಅತ್ತೆಗೆ ಹೇಳಿ ಇವಳು ಒಳಗೆ ಹೋದಳು. ಅವಳ ಮುಖ ನೋಡಿಯೇ ಅತ್ತೆ ಬಾಗಿಲಿಗೆ ಅಡ್ಡ ನಿಂತಳು.

ಅವನು ಕಂಬದ ಬುಡದಲ್ಲಿ ಮೊಣಕಾಲೂರಿದ್ದ. ಮೇಲಿನಿಂದ ಸುಣ್ಣದ ಪುಡಿ ಸಣ್ಣಗೆ ಉದುರುತ್ತಿತ್ತು. ಅವನ ತಲೆ, ಅಂಗಿ ಎಲ್ಲ ಬೆಳ್ಳಗಾಗಿದ್ದರೂ ಅವನಿಗೆ ಅದರ ಪರಿವೆಯೇ ಇರಲಿಲ್ಲ.

"ಗಾಜು ಒಡೆದಿದೆ" ಎಂದಳು.

ಅವನು ತಲೆಯೆತ್ತಿದ. ಆ ಕಣ್ಣುಗಳಲ್ಲಿ ಅವಳು ಮೊದಲ ಸಲ ಹೆದರಿಕೆ ಕಂಡಳು. "ನೀವ್ಯಾಕೆ ಬಂದ್ರಿ? ಹೊರಗೆ ಹೋಗಿ."

"ನೀವು ಬಂದ್ರೆ ಹೋಗ್ತೀನಿ."

ಅವನು ಎದ್ದು ಅವಳ ಮಣಿಕಟ್ಟು ಹಿಡಿದ. ಇಬ್ಬರೂ ಬಾಗಿಲು ದಾಟಿದರೋ ಇಲ್ಲವೋ, ಹಿಂದೆ ಕಲ್ಲುಗಳು ಉರುಳಿದ ಸದ್ದಿಗೆ ನೆಲವೇ ನಡುಗಿತು. ಧೂಳು ಅವರಿಗಿಂತ ಮುಂದೆ ಹೊರಗೆ ಬಂತು.

ಕಮಾನು ಪೂರ್ತಿ ಬೀಳಲಿಲ್ಲ. ನೆತ್ತಿಯ ಕೆಲವು ಕಲ್ಲುಗಳು ಹೋದವು, ಉಳಿದದ್ದನ್ನು ಮರದ ಕಂಬಗಳು ಹಿಡಿದುಕೊಂಡವು. ಸಭೆ ದೂರ ಸರಿದು ನಿಂತಿತು. ಯಾರೂ ಹೇಳಿಕೊಡದಿದ್ದರೂ ಒಬ್ಬರ ಹಿಂದೊಬ್ಬರು ಚರ್ಚಿನತ್ತ ಅಂಗೈ ಎತ್ತಿದರು. ಗಂಟೆಯಿಲ್ಲದ ಆ ಬೆಳಿಗ್ಗೆ "ನಿಂತಿರು" ಎಂಬ ಮಾತು ಅಂಗಳದ ಈ ತುದಿಯಿಂದ ಆ ತುದಿಗೆ ಹರಿಯಿತು.

ದುರಸ್ತಿ ಆಗುತ್ತದೆ, ಆದರೆ ತುಂಬ ದಿನ ಹಿಡಿಯುತ್ತದೆ, ಅಲ್ಲಿಯವರೆಗೆ ತಾನು ಇಲ್ಲೇ ಇರಬೇಕಾಗುತ್ತದೆ ಎಂದ ಅವನು. ಮತ್ತೆ ಗಾಜು ಅಂಟಿಸುತ್ತೀರಾ, ದಿನಾ ನೋಡಬೇಕಾ ಎಂದು ಅವಳು ಕೇಳಿದಳು.

ಅವನು ತಡವರಿಸಿದ. "ವಾರಕ್ಕೊಂದು ಸಲ ನೋಡಿದ್ರೆ ಸಾಕು. ಆಗಲೂ ಅಷ್ಟೇ ಸಾಕಾಗಿತ್ತು."

"ಮತ್ತೆ ದಿನಾ ಯಾಕೆ ಬರ್ತಿದ್ರಿ?"

"ಕೀಲಿ ನಿಮ್ಮ ಹತ್ತಿರ ಇತ್ತಲ್ಲ."

ನಗಬೇಕೆಂದುಕೊಂಡವಳಿಗೆ ಅಳು ಬಂತು. ಈ ವರ್ಷ ಅಂಗೈ ಊರಲು ಗೋಡೆ ಇಲ್ಲ. ಅತ್ತೆ ನೋಡುತ್ತಿದ್ದಳು, ನೋಡಲಿ ಎಂದುಕೊಂಡು ಆ ಅಂಗೈಯನ್ನು ಅವನ ಎದೆಯ ಮೇಲಿಟ್ಟಳು. ಸುಣ್ಣ ಮೆತ್ತಿದ ಅಂಗಿಯ ಕೆಳಗೆ ಅವನ ಎದೆಯೂ ಅವಳದರಷ್ಟೇ ಹೆದರಿ ಬಡಿದುಕೊಳ್ಳುತ್ತಿತ್ತು.

"ನಿಂತಿರು" ಎಂದಳು, "ನಾನಿದ್ದೀನಿ."