ಮಾಚವ್ವ ಮೀಯಿಸಿದ ಕಲ್ಲು

ಬಹಳ ಹಿಂದೆ, ಆಕಾಶದಿಂದ ಬಿದ್ದ ಕಲ್ಲಿಗೂ ಮನೆಗೆ ಬಂದ ನೆಂಟರಿಗೂ ಒಂದೇ ಮರ್ಯಾದೆಯಿದ್ದ ಕಾಲದಲ್ಲಿ, ಸಿರಿಗಲ್ಲು ಎಂಬ ರಾಜ್ಯವಿತ್ತು. ಕಲ್ಲು ಬಿತ್ತೋ, ಅರಿಶಿನದ ನೀರಲ್ಲಿ ಮೀಯಿಸಿ, ಕುಂಕುಮವಿಟ್ಟು ಜಗಲಿಯ ಮೇಲೆ ಕೂರಿಸುವುದು ಅಲ್ಲಿನ ಪದ್ಧತಿ. ಆ ರಾಜ್ಯದ ಮಾಚವ್ವ ಅಂಥ ಕಲ್ಲನ್ನು ಒಡೆದು ಮೂಸಿದರೆ ಸಾಕು, ಅದು ಯಾವ ಗ್ರಹದ್ದು, ಅಲ್ಲಿ ಏನೇನು ನಡೆದಿತ್ತು ಎಂದು ಹೇಳಿಬಿಡುತ್ತಿದ್ದಳು.

ಒಂದು ದಿನ ಕೆಂಪು ಗ್ರಹ ಅಂಗಾರಕನಿಂದ ಧೂಮಕೇಶನೆಂಬ ಮಾಂತ್ರಿಕ ಇಳಿದ. ದನಕರುಗಳನ್ನು ಕಲ್ಲಾಗಿಸಿದ, ರಾಜನನ್ನೂ ಪ್ರಜೆಗಳನ್ನೂ ಕಲ್ಲಾಗಿಸಿದ. ಮಾಚವ್ವನ ತಂಗಿ ಕೆಂಚಿಯನ್ನು ತನ್ನ ಮೋಡದ ಮೇಲೆ ಕಟ್ಟಿಹಾಕಿದ, ಪಾಪಿ. ಮಾಚವ್ವನನ್ನು ಮಾತ್ರ ಬಿಟ್ಟ. ಅವನ ಜಂಬ ಕೇಳಲು ಒಬ್ಬರಾದರೂ ಬೇಕಲ್ಲ!

"ನನ್ನ ಗ್ರಹದ ಗುಟ್ಟನ್ನು ಇಲ್ಲೇ ಕೂತು ಹೇಳು" ಎಂದ. "ಒಂದೊಂದು ಸರಿಯುತ್ತರಕ್ಕೆ ಒಂದೊಂದು ಬಿಡುಗಡೆ. ಕೊನೆಗೆ ನಿನ್ನ ತಂಗಿ; ಉತ್ತರ ತಪ್ಪಿದರೆ ಅವಳು ನನ್ನ ಜೊತೆಗೇ. ಆಮೇಲೆ ಈ ಕಡೆ ತಲೆ ಹಾಕುವುದಿಲ್ಲ, ಆಣೆ."

ಅಲ್ಲಿ ಹಿಂದೆ ಬೆಂಕಿಯಿತ್ತೇ ಎಂದು ಕೇಳಿದ. ಮಾಚವ್ವ ಗುಡ್ಡದಲ್ಲಿ ಬಿದ್ದಿದ್ದ ಅಂಗಾರಕನ ಕಲ್ಲನ್ನು ಒಡೆದಳು. ಒಳಗೆ ದೋಸೆಯ ಹಾಗೆ ತೂತುಗಳು. ಕಲ್ಲೇ ಕರಗಿ ಕುದಿದಿತ್ತು ಎಂದಳು. ದನಕರುಗಳು ಕಿವಿ ಕೊಡವಿ ಎದ್ದವು.

ಅಲ್ಲಿ ಹಿಂದೆ ನೀರು ಹರಿದಿತ್ತೇ ಎಂದು ಕೇಳಿದ. ಕಾಡಿನಲ್ಲಿ ಬಿದ್ದಿದ್ದ ಅಂಗಾರಕನ ಇನ್ನೊಂದು ಕಲ್ಲನ್ನು ಒಡೆದಳು. ಬಿರುಕಿನಲ್ಲಿ ಬಿಳಿ ಉಪ್ಪಿನ ಗೆರೆ. ಹರಿದಿತ್ತು ಎಂದಳು. ರಾಜನೂ ಪ್ರಜೆಗಳೂ ಸೀನುತ್ತಾ ಎದ್ದರು.

ಈಗಲೂ ಹರಿಯುತ್ತಿದೆಯೇ ಎಂದು ಕೇಳಿದ.

ಅಂಗಾರಕನ ಕಲ್ಲುಗಳಲ್ಲಿ ಉಳಿದದ್ದು ಅವಳ ಜಗಲಿಯ ಕಲ್ಲೊಂದೇ. ಕೆಂಚಿಯ ಮದುವೆ ಗೊತ್ತಾದ ದಿನವೇ ಬಿದ್ದಿದ್ದರಿಂದ ಹಿಗ್ಗಿ ಹಿಗ್ಗಿ, ಅಂದಿನಿಂದ ದಿನಾ ತಾನೇ ಮೀಯಿಸಿದ್ದಳು. ತಂಗಿಯ ಮುಖ ನೋಡುತ್ತಾ ಅವಸರದಲ್ಲಿ ಒಡೆದಳು. ಒಳಗೆ ತೇವವಿತ್ತು. ಹರಿಯುತ್ತಿದೆ ಎಂದುಬಿಟ್ಟಳು.

ಮಾಂತ್ರಿಕ ನಗಲಿಲ್ಲ. "ಅದು ನಿನ್ನ ಮನೆ ಬಾವಿಯ ನೀರು, ಮಾಚವ್ವ" ಎಂದ. ಮೋಡ ಮೇಲೆದ್ದಿತು.

"ಅಕ್ಕಾ, ಬೇಜಾರು ಮಾಡ್ಕೋಬೇಡ" ಎಂದಳು ಕೆಂಚಿ, ಮೇಲಿನಿಂದ.

ಧೂಮಕೇಶ ಆಣೆ ಮುರಿಯಲಿಲ್ಲ, ಮತ್ತೆ ಬರಲಿಲ್ಲ. ರಾಜ್ಯ ಹಾಲುಂಡು ಸುಖವಾಗಿತ್ತು. ಮಾಚವ್ವ ಮಾತ್ರ, ನನ್ನ ಕೈಯಾರೆ ಕಳಕೊಂಡೆನಲ್ಲ ಎಂದು ಕೊರಗುತ್ತಿದ್ದಳು.

ಎಷ್ಟೋ ವರ್ಷಗಳ ಮೇಲೆ ಹೊಲದಲ್ಲಿ ಅಂಗಾರಕನ ಇನ್ನೊಂದು ಕಲ್ಲು ಬಿತ್ತು. ಈ ಸಲ ಜನ ಅದನ್ನು ಮುಟ್ಟದೆ, ಮೀಯಿಸದೆ, ಮೇಲೆ ಮಡಕೆ ಕವುಚಿ ಅವಳನ್ನು ಕರೆದರು. ಮಾಚವ್ವ ಒಡೆದಳು. ಒಳಗೆಲ್ಲ ಒಣ ಒಣ.

"ಇಲ್ಲ, ಈಗ ಹರಿಯುತ್ತಿಲ್ಲ" ಎಂದು ಗಟ್ಟಿಯಾಗಿ ಹೇಳಿದಳು. ಉತ್ತರ ಸರಿಯಾಗಿತ್ತು. ಕೇಳಿದವನು ಅಲ್ಲಿರಲಿಲ್ಲ.