ಅವನು ನೋಡದ ಫಲಿತಾಂಶ

ನೆಂಟರೆಲ್ಲ ಹೊರಟುಹೋಗಿದ್ದರು.

ತಿಥಿ ಊಟಕ್ಕೆಂದು ತಂದಿದ್ದ ದೊಡ್ಡ ಪಾತ್ರೆಗಳನ್ನು ಬಾಡಿಗೆ ಅಂಗಡಿಯವರು ಬೆಳಗ್ಗೆಯೇ ಬಂದು ಒಯ್ದಿದ್ದರು. ಅರಸೀಕೆರೆಯ ಆ ಬೀದಿಗೆ ಎಂದಿನಂತೆ ನಲ್ಲಿ ನೀರು ಬಂತು. ಎಂದಿನಂತೆ ಸ್ಟೇಷನ್ ಕಡೆಯಿಂದ ರೈಲು ಕೂಗಿತು.

ಧರ್ಮೇಶನ ಮೊಬೈಲಿನಲ್ಲಿ ಅಲಾರಾಂ ಹೊಡೆಯಿತು. ತಾನು ಪಾಠ ಮಾಡುತ್ತಿದ್ದ ಸ್ಕೂಲಿಗೆ ಹೊರಡಲು ಅವನೇ ಇಟ್ಟುಕೊಂಡಿದ್ದ ಅಲಾರಾಂ. ಒಳಕೋಣೆಯಲ್ಲಿ ಮಲಗಿದ್ದ ಅತ್ತೆ ಮುನಿಯಮ್ಮ ಎದ್ದು ಆರಿಸಲಿಲ್ಲ. ಅಡುಗೆಮನೆಯಲ್ಲಿದ್ದ ಯಶೋಧರಾಳೂ ಆರಿಸಲಿಲ್ಲ. ಅದು ಹೊಡೆದು ಹೊಡೆದು ತಾನಾಗಿ ನಿಂತಿತು.

'ಈಗಲಾದರೂ ಅಳು ಬರಬೇಕಿತ್ತು...' ಅಂದುಕೊಂಡಳು.

ಬರಲಿಲ್ಲ. ಗಂಡ ಧರ್ಮೇಶ್ ತೀರಿಹೋದ ದಿನದಿಂದ ಅವಳ ಎದೆಯೊಳಗೆ ಏನೋ ಜೋಮು ಹಿಡಿದಂತಿತ್ತು.

ಆಗ ಗೇಟಿನ ಸದ್ದಾಯಿತು.

ಬಾಗಿಲಲ್ಲಿ ನಿಂತವನನ್ನು ತನ್ನ ಮದುವೆಯಲ್ಲಿ ದೂರದಿಂದ ಕಂಡಿದ್ದಳು. ಮಾತಾಡಿರಲಿಲ್ಲ. ಹುಲಿಕೆರೆಯ ಲಕ್ಷ್ಮೀಶ. ಧರ್ಮೇಶನ ಹಾಸ್ಟೆಲ್ ಗೆಳೆಯ, ಹಳೇಬೀಡಿನ ಪಿಯು ಕಾಲೇಜಿನಲ್ಲಿ ಕಂಪ್ಯೂಟರ್ ಮೇಷ್ಟರು. ಒಳಗೆ ಬನ್ನಿ ಅಂದರೂ ಬರಲಿಲ್ಲ.

"ಇವತ್ತು ಬರಬಾರದಿತ್ತು ಮೇಡಂ. ಆದರೆ ಇವತ್ತೇ ಕೊನೇ ದಿನ."

ಮೈಸೂರಿನ ಒಂದು ಕಾಲೇಜಿನಲ್ಲಿ ಅವಳು ಬಿ.ಎಡ್. ಮಾಡಬೇಕೆಂದು ಧರ್ಮೇಶ್ ಆಸ್ಪತ್ರೆಯ ಮಂಚದ ಮೇಲೆ ಕೂತೇ ಅರ್ಜಿ ತುಂಬಿದ್ದನಂತೆ. ಮುಕ್ಕಾಲು ಮುಗಿಸಿ, ಪಾಸ್‌ವರ್ಡನ್ನು ಗೆಳೆಯನಿಗೆ ಕೊಟ್ಟು, ನಾನು ಮರೆತರೆ ನೀನು ನೆನಪಿಸು ಅಂದಿದ್ದನಂತೆ. ಫಿಸಿಕ್ಸ್ ಎಂ.ಎಸ್ಸಿ. ಮಾಡಿ ಮನೆಯಲ್ಲೇ ಉಳಿದಿದ್ದ ಹೆಂಡತಿಗೆ ಕೊಡಬೇಕೆಂದಿದ್ದ ಖುಷಿ ಅದು. ಅವಳಿಗೇ ಹೇಳಿರಲಿಲ್ಲ.

ಯಶೋಧರಾಳಿಗೆ ಸಿಟ್ಟು ಬಂತು. ಇಷ್ಟು ದಿನದಲ್ಲಿ ಮೊದಲ ಸಲ ಏನೋ ಒಂದು ಬಂತು!

"ಇವತ್ತು ನನಗೆ ಸೀಟಿನ ಯೋಚನೆ ಇರುತ್ತೆ ಅಂದ್ಕೊಂಡ್ರಾ?"

"ಇರಲ್ಲ ಅಂತ ಗೊತ್ತಿದ್ದೇ ಬಂದೆ. ಬೇಡ ಅನ್ನಿ, ಈಗಲೇ ಹೋಗ್ತೀನಿ."

ಅವಳು ಬೇಡ ಅನ್ನಲಿಲ್ಲ. ಅವನ ಮೊಬೈಲನ್ನು ಕೈಗೆ ತೆಗೆದುಕೊಂಡಳು. ಅವಳು ಹುಟ್ಟಿದ ಊರು ಬಾಣಾವರ, ಅವಳ ಅಂಕಗಳು, ಅವಳ ತಂದೆಯ ಹೆಸರು... ಎಲ್ಲವನ್ನೂ ಧರ್ಮೇಶ್ ತಪ್ಪಿಲ್ಲದೆ ತುಂಬಿದ್ದ. ಒಂದು ಕಡೆ ಬೆರಳು ನಿಂತಿತು.

ವೈವಾಹಿಕ ಸ್ಥಿತಿ: ವಿವಾಹಿತೆ.

ಅವಳ ಬೆರಳು ಎಲ್ಲಿ ನಿಂತಿದೆಯೆಂದು ಲಕ್ಷ್ಮೀಶನಿಗೆ ಅರ್ಥವಾಯಿತು. ಅವಳಿಗೆ ಬೆನ್ನು ಮಾಡಿ, ಅಂಗಳದ ಒಗೆಯುವ ಕಲ್ಲನ್ನು ನೋಡುತ್ತ ನಿಂತ.

ಯಶೋಧರಾ ಆ ಪದವನ್ನು ಬದಲಿಸಿದಳು. ವಿಧವೆ. ಊರೆಲ್ಲ ಪಿಸುಗುಟ್ಟಿದ್ದನ್ನು ಅವಳೇ ತನ್ನ ಕೈಯಿಂದ ಬರೆದದ್ದು ಅದೇ ಮೊದಲು. ಉಳಿದದ್ದನ್ನೂ ತುಂಬಿ ಒತ್ತಿದಳು. ಅರ್ಜಿ ಹೋಯಿತು. ಅರ್ಜಿ ಸಂಖ್ಯೆ ಬಂತು.

ಅತ್ತೆಗೆ ತಾನೇ ಹೇಳುತ್ತೇನೆ, ಸೀಟು ಸಿಕ್ಕಿದರೆ ಮಾತ್ರ, ಅಲ್ಲಿಯತನಕ ಯಾರಿಗೂ ತಿಳಿಯಬಾರದು ಅಂದಳು. ಅವನು ತಲೆಯಾಡಿಸಿ ಹೊರಟುಹೋದ.

ಮಳೆಗಾಲ ಬಂತು. ಫಲಿತಾಂಶ ಸೋಮವಾರ ಎಂದು ಕಾಲೇಜು ತಿಳಿಸಿತ್ತು. ಅದಕ್ಕೆ ಮುಂಚಿನ ಶುಕ್ರವಾರ ಮುನಿಯಮ್ಮನ ತಮ್ಮ ಉಗ್ರಪ್ಪ ಜಾವಗಲ್‌ನಿಂದ ಬಂದ. ಕೊಟ್ಟ ಕಾಫಿ ಮುಟ್ಟದೆ, ಮೊಬೈಲ್ ತೆಗೆದು ಅಕ್ಕನ ಮುಂದೆ ಹಿಡಿದ.

ಅದರಲ್ಲಿ ಯಶೋಧರಾಳ ಫೋಟೋ ಇತ್ತು. ಹೆಸರು, ಮನೆಯ ವರಮಾನ, ವಿಧವೆ ಎಂಬ ಪದ, 'ಆಯ್ಕೆಯಾಗಿದ್ದಾರೆ' ಎಂಬ ಸಾಲು, ಕೆಳಗೆ ಅರ್ಜಿ ಸಲ್ಲಿಸಿದ ತಾರೀಕು.

"ಸೊಸೆ ಮೈಸೂರಿಗೆ ಹೊಂಟವ್ಳೆ. ನಮ್ಮ ಕಡೆ ಎಲ್ಲರ ಫೋನಲ್ಲೂ ಐತೆ. ಆ ತಾರೀಕು ನೋಡಕ್ಕ."

ತಿಥಿಯ ಮರುದಿನದ ತಾರೀಕು.

ಮುನಿಯಮ್ಮ ಬಹಳ ಹೊತ್ತು ಅದನ್ನೇ ನೋಡಿದರು. ಆಮೇಲೆ ಸೊಸೆಯ ಮುಖ ನೋಡದೆ ಅಂದರು: "ನನ್ನ ಮಗನ ತಿಥಿ ಎಲೆ ಇನ್ನೂ ಒಣಗಿರ್ನಿಲ್ಲ ಕಣವ್ವ."

ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಯಶೋಧರಾ ನಿಂತಲ್ಲೇ ನಿಂತಳು. ತಾನು ಆಯ್ಕೆಯಾಗಿದ್ದೇನೆಂದು ಅವಳಿಗೂ ಗೊತ್ತಾದದ್ದು ಆ ಕ್ಷಣದಲ್ಲೇ. ಖುಷಿಪಡಲು ಜಾಗವೇ ಇರಲಿಲ್ಲ. 'ನನಗೇ ಗೊತ್ತಿಲ್ಲದ್ದು ಜಾವಗಲ್‌ಗೆ ಹೇಗೆ ಗೊತ್ತಾಯಿತು?'

ಅರ್ಜಿಯ ವಿಷಯ ತಿಳಿದಿದ್ದವನು ಒಬ್ಬನೇ. ಆ ಬೆಳಗ್ಗೆ ಅವನಿಂದ ಮೆಸೇಜೂ ಬಂದಿತ್ತು: 'ಒಂದು ವಿಷಯ ಹೇಳಬೇಕು. ಫೋನ್ ಮಾಡಲಾ?'

ಅವಳೇ ಫೋನ್ ಮಾಡಿದಳು. ಆ ಕಡೆಯಿಂದ ಬಸ್ಸಿನ ಸದ್ದು ಕೇಳುತ್ತಿತ್ತು.

"ನಾನು ಅವತ್ತು ಆ ಪದ ಬದಲಿಸಿದ್ದನ್ನ ದೇವರೂ ನೋಡಬಾರದು ಅಂದ್ಕೊಂಡಿದ್ದೆ. ಈಗ ಊರವರೆಲ್ಲ ನೋಡ್ತಿದ್ದಾರೆ. ಯಾಕೆ ಹೀಗೆ ಮಾಡಿದ್ರಿ?"



"ನಾನಲ್ಲ ಮೇಡಂ," ಅಂದ. ಅಷ್ಟೇ.

ಇನ್ನು ಮುಂದೆ ಫೋನ್ ಮಾಡಬೇಡಿ ಎಂದು ಅವಳು ಇಟ್ಟುಬಿಟ್ಟಳು. ಅವನು ಮಾಡಲಿಲ್ಲ.

ಅತ್ತೆ ಸೊಸೆ ಒಂದೇ ಮನೆಯಲ್ಲಿ ಬೇರೆ ಬೇರೆ ಹೊತ್ತಿಗೆ ಉಂಡರು. ಸೀಟು ಬೇಡವೆಂದು ಬರೆದುಬಿಡುವುದೇ ಸರಿ ಅನ್ನಿಸಿತು ಯಶೋಧರಾಳಿಗೆ. ಓದು ಇಲ್ಲದೆ ಬದುಕಬಹುದು. ಅತ್ತೆಯೇ ಮುಖ ತಿರುಗಿಸಿಕೊಂಡರೆ ತನಗೆ ಯಾರಿದ್ದಾರೆ?

ಭಾನುವಾರ ಉಗ್ರಪ್ಪನ ಮಗಳು ಶಿಲ್ಪಾ ಬಂದಳು. ಕಣ್ಣು ಕೆಂಪಾಗಿದ್ದವು. ಚಪ್ಪಲಿ ಬಿಡುತ್ತಲೇ ಅಳತೊಡಗಿದಳು.

ಅವಳೂ ಅದೇ ಕಾಲೇಜಿಗೆ ಅರ್ಜಿ ಹಾಕಿದ್ದಳು. ಕಾಲೇಜಿನ ವೆಬ್‌ಸೈಟಿನಲ್ಲಿ ಫಲಿತಾಂಶದ ಪುಟ ಮುಂಚೆಯೇ ತೆರೆದುಕೊಂಡಿತ್ತಂತೆ. ತನ್ನ ಸಂಖ್ಯೆಯ ಬದಲು ಬೇರೆ ಸಂಖ್ಯೆ ಹಾಕಿದರೆ ಬೇರೆಯವರ ಪುಟವೂ ಕಾಣುತ್ತಿತ್ತಂತೆ. ಗೆಳತಿಯರೆಲ್ಲ ಆಟದ ಹಾಗೆ ಒಂದೊಂದೇ ಸಂಖ್ಯೆ ಹಾಕುತ್ತ ಹೋದಾಗ ಯಶೋಧರಾಳ ಮುಖ ಬಂದಿತ್ತು.

"ನಂಗೆ ಸೀಟಾಗಿರ್ಲಿಲ್ಲ. ನಿಂಗೆ ಆಗೈತೆ ಅಂತ ಖುಷಿಗೆ ಮನೇಲಿ ತೋರಿಸಿದೆ ಅಕ್ಕ. ಅಪ್ಪ ತಾರೀಕು ನೋಡ್ತಾರೆ ಅಂತ ನಂಗೇನು ಗೊತ್ತು?"

ತನ್ನ ಹಳೆಯ ಮೇಷ್ಟರಿಗೂ ಈ ಚಮತ್ಕಾರ ಹೇಳಲು ಹೋಗಿ ಬೈಸಿಕೊಂಡಿದ್ದಳು. ಯಾವತ್ತೂ ಬೈಯದ ಲಕ್ಷ್ಮೀಶ್ ಸಾರ್, ಪಕ್ಕದ ಮನೆಯ ಬಾಗಿಲು ತೆರೆದಿದ್ದರೆ ಒಳಗೆ ಹೋಗಿ ಪೆಟ್ಟಿಗೆ ನೋಡುತ್ತೀಯಾ ಎಂದು ಕೇಳಿದ್ದರಂತೆ. ಕಾಲೇಜಿಗೆ ಫೋನ್ ಮಾಡಿದರೆ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಶುಕ್ರವಾರ ರಜೆ ಹಾಕಿ, ಮೈಸೂರಿನ ಬಸ್ಸು ಹತ್ತಿ, ಆ ಪುಟ ಮುಚ್ಚುವವರೆಗೂ ಆಫೀಸಿನ ಮುಂದೆ ಕೂತಿದ್ದರಂತೆ.

ಶುಕ್ರವಾರ... ಫೋನಿನಲ್ಲಿ ಕೇಳಿದ್ದ ಬಸ್ಸಿನ ಸದ್ದು ನೆನಪಾಗಿ ಯಶೋಧರಾ ಕೂತುಬಿಟ್ಟಳು.

ಒಳಕೋಣೆಯ ಬಾಗಿಲಲ್ಲಿ ಮುನಿಯಮ್ಮ ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. ಯಶೋಧರಾ ಅವರಿಗೆ ಮೊದಲಿಂದ ಹೇಳಿದಳು. ಅರ್ಜಿ ತುಂಬಿದ್ದು ತಾನಲ್ಲ, ಧರ್ಮೇಶ್. ಅವನು ಬರೆದದ್ದರಲ್ಲಿ ತಾನು ಬದಲಿಸಿದ್ದು ಒಂದೇ ಪದ.

ಮುನಿಯಮ್ಮ ಗೋಡೆಗೆ ಕೈ ಊರಿದರು.

"ಆಸ್ಪತ್ರೇಲಿ ಯಾವಾಗ್ಲೂ ಫೋನು ಒತ್ತುತಾ ಕುಂತಿರ್ತಿದ್ದ. ಸುಮ್ಕೆ ಮಲಗ್ಲಾ ಅಂತ ನಾನೇ ಕಿತ್ತು ಮಡಗ್ದೆ. ಇನ್ನೊಂದ್ ಚೂರು ಐತೆ ಕಣಮ್ಮ, ಕೊಡು ಅಂದ. ಕೊಡ್ನಿಲ್ಲ... ಇದನ್ನಾ ಅವನು ಬರೀತಿದ್ದದ್ದು?"

ಯಶೋಧರಾ ತಲೆಯಾಡಿಸಿದಳು. ಅಷ್ಟೂ ದಿನ ಬಾರದಿದ್ದ ಅಳು ಆಗ ಬಂತು. ಅತ್ತೆಯ ಸೆರಗಿನಲ್ಲಿ ಮುಖವಿಟ್ಟು, ಮಗುವಿನಂತೆ ಅತ್ತಳು.

"ಹೋಗಿ ಓದವ್ವ," ಮುನಿಯಮ್ಮ ಅವಳ ತಲೆ ಸವರಿದರು. "ಒಂದ್ ಸಲ ಅಡ್ಡ ಬಂದದ್ದು ಸಾಕು."

ಆಮೇಲೆ ತಮ್ಮನಿಗೆ ಫೋನ್ ಹಚ್ಚಿಸಿಕೊಂಡು, ಎಣಿಸಲೇಬೇಕು ಅನ್ನಿಸಿದರೆ ಮರದಲ್ಲಿರುವ ತೆಂಗಿನಕಾಯಿ ಎಣಿಸಿಕೋ, ನನ್ನ ಸೊಸೆಯ ತಾರೀಕು ಎಣಿಸಬೇಡ ಎಂದು ಹೇಳಿ ಇಟ್ಟರು. ಶಿಲ್ಪಾ ಅಳು ಮರೆತು ನಕ್ಕುಬಿಟ್ಟಳು.

ಸೋಮವಾರ ಕಾಲೇಜು ಕ್ಷಮೆ ಕೇಳಿ, ಎಲ್ಲ ಅರ್ಜಿಗಳನ್ನೂ ಮತ್ತೊಮ್ಮೆ ಪರಿಶೀಲಿಸಿ, ಅವರವರ ಫೋನಿಗೇ ಫಲಿತಾಂಶ ಕಳಿಸಿತು. ಯಶೋಧರಾ ಓದಿದಳು. ಅತ್ತೆಗೆ ಓದಿ ಹೇಳಿದಳು. ಹಳೇಬೀಡಿನ ಬಸ್ಸು ಹತ್ತಿದಳು.

ಲಕ್ಷ್ಮೀಶ ತರಗತಿ ಮುಗಿಸಿ ಹೊರಗೆ ಬರುತ್ತಿದ್ದ. ಅವಳನ್ನು ಕಂಡು ಕೈಯಲ್ಲಿದ್ದ ಸೀಮೆಸುಣ್ಣವನ್ನು ಎಲ್ಲಿಡಬೇಕೆಂದು ತಿಳಿಯದೆ ಜೇಬಿಗೆ ಹಾಕಿಕೊಂಡ. ಅವಳು ತಪ್ಪಾಯಿತು ಅಂದಳು. ಅವನು ಅದಕ್ಕೇನಂತೆ ಅಂದ.

"ಆ ಪುಟ ತೆರೆದಿತ್ತಲ್ಲ... ನನ್ನ ನಂಬರ್ ಹಾಕಿ ನೋಡಿದ್ರಾ?"

"ಇಲ್ಲ."

"ಮರೆತುಹೋಗಿತ್ತಾ?"

ಅವನು ನೆಲ ನೋಡುತ್ತ ಅವಳ ಅರ್ಜಿ ಸಂಖ್ಯೆಯನ್ನು ತಡವರಿಸದೆ ಒಪ್ಪಿಸಿದ. ಅವಳಿಗೂ ಅದು ಬಾಯಿಗೆ ಬರುತ್ತಿರಲಿಲ್ಲ!

"ಮತ್ತೆ ಯಾಕೆ ನೋಡಲಿಲ್ಲ?"

"ಅದು ನಿಮ್ಮ ಸುದ್ದಿ ಮೇಡಂ. ಹುಡುಗರು ಹೇಳೋಕೆ ಬಂದ್ರೂ ಬೇಡ ಅಂದೆ. ನೀವು ಹೇಳಿದ್ರೆ ಕೇಳೋಣ ಅಂತ."

ಊರಿಗೆಲ್ಲ ಹಳಸಿದ ಸುದ್ದಿ. ಆದರೆ ಇಡೀ ತಾಲೂಕಿನಲ್ಲಿ ಒಬ್ಬ ಮನುಷ್ಯ ಅದನ್ನು ಅವಳಿಗಾಗಿ ಹೊಸದಾಗಿಯೇ ಉಳಿಸಿದ್ದ...

"ಸಿಕ್ತು," ಅಂದಳು. "ಸೀಟು ಸಿಕ್ತು."

ಆ ಮುಖ ಅರಳಿದ ಬಗೆಯನ್ನು ಅವಳು ಮೈಸೂರಿಗೆ ಹೋಗುವಾಗ ಜೊತೆಗೆ ಒಯ್ದಳು.

ಎರಡು ವರ್ಷ ಕಳೆಯಿತು. ಅವಳು ರಜೆಗೆ ಬಂದಾಗ ಅರಸೀಕೆರೆ ಸ್ಟೇಷನ್ನಿನಲ್ಲಿ ಮುನಿಯಮ್ಮನ ಪಕ್ಕ ಅವನೂ ನಿಂತಿರುತ್ತಿದ್ದ. ನಿಮ್ಮತ್ತೆಗೆ ಮಂಡಿ ನೋವು, ಕರೆದುಕೊಂಡು ಬಂದೆ ಅನ್ನುತ್ತಿದ್ದ. ಬ್ಯಾಗು ಎತ್ತಿಕೊಂಡು ಮುಂದೆ ನಡೆಯುತ್ತಿದ್ದ. ಹೆಚ್ಚು ಮಾತಿಲ್ಲ. 'ಒಂದು ದಿನ ಕೇಳುತ್ತಾನೆ' ಎಂದು ಅವಳು ಕಾದಳು. ಕೇಳಲಿಲ್ಲ.

ಬಾಣಾವರದ ಹೈಸ್ಕೂಲಿನಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಅಲ್ಲಿ ಬಾಡಿಗೆ ಮನೆ ಹಿಡಿದು, ಸಾಮಾನು ಕಟ್ಟುವಾಗ ಬೀರುವಿನಿಂದ ಧರ್ಮೇಶನ ಮದುವೆ ಕೋಟು ಬಂತು. ಯಶೋಧರಾ ಅದನ್ನು ಎದೆಗೆ ಒತ್ತಿಕೊಂಡಳು.

"ಅದು ನಮ್ಮದಲ್ಲ ಕಣವ್ವ," ಅಂದರು ಮುನಿಯಮ್ಮ. "ಮದುವೆಗೆ ಅಂತ ಆ ಹುಲಿಕೆರೆ ಹುಡುಗನ ಹತ್ರ ಇಸ್ಕೊಂಡಿದ್ದ. ತೋಳು ಗಿಡ್ಡ ಆಯ್ತು ಅಂತ ಮಡಿಕೆ ಬಿಚ್ಚಿಸಿ ಹಾಕ್ಕಂಡ. ವಾಪಸ್ ಕೊಡ್ನೇ ಇಲ್ಲ. ಆ ಹುಡುಗ ಕೇಳ್ನೂ ಇಲ್ಲ."

ಸ್ವಲ್ಪ ತಡೆದು, ಬೇರೆ ಕಡೆ ನೋಡುತ್ತ ಸೇರಿಸಿದರು: "ನೀನೇ ಹೋಗಿ ಕೊಟ್ಟು ಬಾ. ಮಾತು ಏನಾದ್ರೂ ಬಾಕಿ ಇದ್ರೆ ಅದನ್ನೂ ಮುಗಿಸ್ಕೊಂಡು ಬಾ. ನನಗೆ ಬೇಜಾರಿಲ್ಲ."

ತೋಳಿನ ತುದಿಯಲ್ಲಿ ಹಳೆಯ ಮಡಿಕೆಯ ಗೆರೆ ಹಾಗೇ ಇತ್ತು. ಯಶೋಧರಾ ಸೂಜಿ ದಾರ ಹಿಡಿದು, ಆ ಗೆರೆಯನ್ನೇ ಅನುಸರಿಸಿ ತೋಳನ್ನು ಮತ್ತೆ ಮಡಚಿ ಹೊಲಿದಳು. ಒಂದೆರಡು ಕಡೆ ದಾರ ಒದ್ದೆಯಾಯಿತು.

ಹುಲಿಕೆರೆಯಲ್ಲಿ ಕೊಳದ ಪಕ್ಕದ ಬೀದಿಯಲ್ಲೇ ಅವನ ಮನೆ. ಲಕ್ಷ್ಮೀಶ ಹೊರಗೆ ನಿಂತಿದ್ದ. ಅವನ ತಾಯಿ ಅನುಸೂಯಮ್ಮ ಕಿಟಕಿಯಲ್ಲಿ ಇಣುಕಿ, ನಕ್ಕು, ಮಾಯವಾದರು.

ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ಅವಳಿಗೆ ಮರೆತುಹೋಯಿತು.

"ನೀವು ನನ್ನನ್ನ ಏನೂ ಕೇಳೋದೇ ಇಲ್ವಾ?"

"ಕೇಳಿದ್ರೆ... ಇಲ್ಲ ಅನ್ನೋಕೆ ನಿಮಗೆ ಕಷ್ಟ ಆಗಬಹುದು ಅಂತ."

"ಇಲ್ಲ ಅಂತೀನಿ ಅಂತ ಯಾರು ಹೇಳಿದ್ರು?"

ಅವನು ತಲೆ ಎತ್ತಿದ.

"ನನ್ನ ಜೊತೆ ಬಾಳ್ತೀರಾ, ಯಶೋಧರಾ?"

ಮೊದಲ ಸಲ ಮೇಡಂ ಇರಲಿಲ್ಲ. ಅವಳ ಹೆಸರು ಅವನ ಬಾಯಲ್ಲಿ ನಡುಗುತ್ತಿತ್ತು.

"ಹೂಂ," ಅಂದಳು. "ಆದ್ರೆ ನಮ್ಮತ್ತೆ ನಮ್ಮ ಜೊತೆನೇ ಇರ್ತಾರೆ."

"ಅವರು ನಿನ್ನೆನೇ ನಮ್ಮಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿಬಿಟ್ಟಿದ್ದಾರೆ."

"ಎಲ್ಲ ಅಂದ್ರೆ?"

"ಗೊತ್ತಿಲ್ಲ. ಅಮ್ಮ ಹೇಳೋಕೆ ಶುರು ಮಾಡಿದ್ರು, ನಾನು ಹೊರಗೆ ಬಂದು ನಿಂತೆ. ಬೆಳಗ್ಗೆಯಿಂದ ಇಲ್ಲೇ ಇದೀನಿ."

ಯಶೋಧರಾ ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡು, ಚೀಲದಿಂದ ಕೋಟು ತೆಗೆದು ಅವನ ಎರಡೂ ಕೈಗೆ ಕೊಟ್ಟಳು.

"ಧರ್ಮೇಶ್ ಇಸ್ಕೊಂಡಿದ್ದು. ಕೊಡೋದು ತಡ ಆಯ್ತು."

ಅವನು ಹೊಸ ಹೊಲಿಗೆಯ ಮೇಲೆ ಬೆರಳಾಡಿಸಿದ. "ಇದನ್ನ ಹಾಕ್ಕೊಂಡ್ರೆ... ನಿಮಗೆ ನೋವಾಗಲ್ವಾ?"

"ಸ್ವಲ್ಪ ಆಗುತ್ತೆ," ಅಂದಳು. "ಹಾಕ್ಕೊಳ್ಳಿ. ನಿಮ್ಮದೇ."