ಓಕಳಿಪುರಂನ ಮೂವತ್ತೊಂದು ಆರ್ಡರ್

ಲಾವಣ್ಯಾ ಬಾಗಿಲು ತಳ್ಳಿದ ರಭಸಕ್ಕೆ ಗಾಂಧಿ ಬಜಾರಿನ ಅಷ್ಟೂ ಬುಟ್ಟಿಗಳ ಸೇವಂತಿಗೆ ಒಮ್ಮೆಲೇ ಬಾಡಿತು. ನಂಬದವರು ಬಸವನಗುಡಿಯಲ್ಲಿ ಯಾರನ್ನಾದರೂ ಕೇಳಿ.

"ಮಲ್ಲೇಶ್ವರದ ಬ್ರಾಂಚಿಂದ ಬಂದಿರೋ ಅಭಿರಾಮ ಯಾರು?"

ಸೊಪ್ಪು, ತರಕಾರಿ ಮನೆಮನೆಗೆ ತಲುಪಿಸುವ ಆ ಕಂಪನಿಯ ಆಫೀಸಿನಲ್ಲಿ ಹನ್ನೆರಡು ತಲೆಗಳು ಒಟ್ಟಿಗೆ ತಗ್ಗಿದವು. ಕಿಟಕಿ ಪಕ್ಕದ ಹದಿಮೂರನೆಯದು ಮಾತ್ರ ಮೇಲೆದ್ದಿತು.

"ನಾನೇ. ನೀವು ಲಾವಣ್ಯಾ ಅಲ್ವಾ?"

ಮೂರು ತಿಂಗಳಿಂದ ಇಬ್ಬರದೂ ಒಂದೇ ನೋಟ್‌ಬುಕ್. ಕಂಪ್ಯೂಟರ್ ಪರದೆಯ ಮೇಲೆ ಒಂದರ ಕೆಳಗೊಂದು ಪೆಟ್ಟಿಗೆಗಳು. ಪೆಟ್ಟಿಗೆಯಲ್ಲಿ ಪ್ರಶ್ನೆ ಬರೆದು ಓಡಿಸಿದರೆ ಕಂಪನಿಯ ಅಷ್ಟೂ ಲೆಕ್ಕ ಕೂಡಿಟ್ಟಿದ್ದ ಡೇಟಾ ವೇರ್‌ಹೌಸ್‌ನಿಂದ ಉತ್ತರ ಬಂದು ಅದರ ಕೆಳಗೇ ಕೂರುತ್ತಿತ್ತು. ಇಬ್ಬರೂ ಮುಖಾಮುಖಿಯಾದದ್ದು ಇವತ್ತೇ ಮೊದಲು.

'ಛೆ... ಇಷ್ಟು ಸಮಾಧಾನದ ಕಣ್ಣಿರುವವನ ಮೇಲೆ ಹೇಗೆ ಕೂಗುವುದು?'

ಕೂಗಿದಳು.

"ಓಕಳಿಪುರಂನಲ್ಲಿ ಇಡೀ ತಿಂಗಳಿಗೆ ಮೂವತ್ತೊಂದೇ ಆರ್ಡರ್ ಅಂತ ರಿಪೋರ್ಟ್ ಕೊಟ್ಟಿದೀರಲ್ಲ, ಕೈ ನಡುಗ್ಲಿಲ್ವಾ? ನಾಲ್ಕು ಗಂಟೆಗೆ ಶೈಲಜಮ್ಮ ಅವರು ಅಲ್ಲಿನ ಸೊಪ್ಪು ಕಟ್ಟೋ ಶೆಡ್ ಮುಚ್ಚಿಸ್ತಾರೆ. ಹದಿನಾಲ್ಕು ಜನ ಹೆಂಗಸ್ರು ಕೆಲಸ ಬಿಟ್ಟು ಮನೇಲಿ ಕೂರಬೇಕು. ಅದರಲ್ಲಿ ನಮ್ಮಮ್ಮ ಅಣ್ಣಮ್ಮನೂ ಒಬ್ಬಳು!"

"ಮೂರು ಸಲ ಓಡಿಸಿ ನೋಡಿದೀನಿ, ಮೇಡಂ."

"ಕಲ್ಲನ್ನ ಮೂರು ಸಲ ಬೇಯಿಸಿದ್ರೆ ಅನ್ನ ಆಗುತ್ತಾ? ನಮ್ಮಮ್ಮ ಒಬ್ಬಳೇ ತಿಂಗಳಿಗೆ ಆರುನೂರು ಕಟ್ಟು ಸೊಪ್ಪು ಕಟ್ತಾಳೆ. ಯಾರಿಗೆ, ನಿಮ್ಮ ಮೂವತ್ತೊಂದು ಜನಕ್ಕಾ? ಏಳಿ ಆ ಕಡೆ."

ಅವನ ಕುರ್ಚಿಯಲ್ಲಿ ಕೂತು, ನೋಟ್‌ಬುಕ್ಕನ್ನು ಪೂರ್ತಿ ನಿಲ್ಲಿಸಿ, ಮೊದಲ ಪೆಟ್ಟಿಗೆಯಿಂದ ಮತ್ತೆ ಓಡಿಸಿದಳು. ಮೂವತ್ತೊಂದು ಮಾಯವಾಯಿತು. ಆ ಜಾಗದಲ್ಲಿ ಒಂಬೈನೂರ ಮೂವತ್ನಾಲ್ಕು ಬಂದು ಕೂತಿತು.

"ನೋಡಿ ಸ್ವಾಮಿ. ಕಣ್ಣು ಬಿಟ್ಟು ನೋಡಿ."

ಅಭಿರಾಮ ನೋಡಿದ. ಪಕ್ಕದಲ್ಲಿ ಯಾರು ಯಾವ ಪೆಟ್ಟಿಗೆಯನ್ನು ಯಾವಾಗ ಓಡಿಸಿದರು ಎಂಬ ಪಟ್ಟಿಯನ್ನೂ ತೆರೆದು ನೋಡಿದ. ಅವನ ಮುಖದ ಬಣ್ಣ ಬದಲಾಯಿತು. ಪಟ್ಟಿಯನ್ನು ಮೆಲ್ಲಗೆ ಮುಚ್ಚಿದ.

"ತಪ್ಪು ನಂದೇ. ಶೈಲಜಮ್ಮ ಅವರಿಗೆ ನಾನೇ ಹೇಳ್ತೀನಿ."

ಒಡತಿ ಶೈಲಜಮ್ಮನವರ ಬೈಗುಳಕ್ಕೆ ಲಾಲ್‌ಬಾಗಿನ ಬಂಡೆಯೇ ಎರಡಂಗುಲ ಕುಸಿದಿದೆ. ಅಭಿರಾಮ ಅಷ್ಟನ್ನೂ ತಲೆತಗ್ಗಿಸಿ ಕೇಳಿಸಿಕೊಂಡ. ಶೆಡ್ ಉಳಿಯಿತು. "ನಾಳೆಯಿಂದ ನೀವು ಆ ನೋಟ್‌ಬುಕ್ ಮುಟ್ಟಬೇಡಿ" ಎಂದರು ಅವನಿಗೆ.

ಲಾವಣ್ಯಾ ಗೆದ್ದು ತನ್ನ ಜಾಗಕ್ಕೆ ಬಂದಳು. ಆದರೂ ಏನೋ ಚುಚ್ಚುತ್ತಿತ್ತು... ಅವನು ಅಷ್ಟು ಬೇಗ ಯಾಕೆ ಒಪ್ಪಿಕೊಂಡ?

ಪಟ್ಟಿ ತೆರೆದಳು.

ಶನಿವಾರ, ಸಂಜೆ ಐದು ಹತ್ತು. ಓಡಿಸಿದವರು: ಲಾವಣ್ಯಾ.

ನೆನಪಾಯಿತು. ಅಮ್ಮನ ಶೆಡ್‌ನ ಮೇಲೆ ಬಂದ ಒಂದು ದೂರನ್ನು ಪರೀಕ್ಷಿಸಲು, ಓಕಳಿಪುರಂನ ಆರ್ಡರ್‌ಗಳಲ್ಲಿ ಒಂದೇ ದಿನದ್ದು ಸಾಕೆಂದು ಅವಳೇ ಒಂದು ಪೆಟ್ಟಿಗೆ ಬರೆದಿದ್ದಳು. ಕೆಲಸ ಮುಗಿದ ಮೇಲೆ ಅದನ್ನು ಅಳಿಸಿದ್ದಳು. ಪೆಟ್ಟಿಗೆ ಹೋಗಿತ್ತು, ನೋಟ್‌ಬುಕ್ಕನ್ನು ನಿಲ್ಲಿಸದ ಕಾರಣ ಆ ಒಂದು ದಿನ ಅದರ ನೆನಪಿನಲ್ಲಿ ಹಾಗೇ ಉಳಿದಿತ್ತು. ಸೋಮವಾರ ಅಭಿರಾಮ ಕೊನೆಯ ಪೆಟ್ಟಿಗೆಯನ್ನಷ್ಟೇ ಓಡಿಸಿದಾಗ ಬಂದ ಮೂವತ್ತೊಂದು ಆ ಒಂದು ದಿನದ ಲೆಕ್ಕ.

'ಅಮ್ಮನ ಕೆಲಸಕ್ಕೆ ಕಲ್ಲು ಹಾಕಲು ಹೊರಟವಳು ನಾನೇ!'

ನಾಚಿಕೆ ಒಂದು ಕ್ಷಣವಷ್ಟೇ. ಆಮೇಲೆ ಬಂತು ನೋಡಿ ಕೋಪ, ಮೊದಲಿನದರ ಏಳು ಪಟ್ಟು! ಅಭಿರಾಮ ಕಾಯುತ್ತಿದ್ದ ಬುಲ್ ಟೆಂಪಲ್ ರಸ್ತೆಯ ಬಸ್ ಸ್ಟಾಪಿಗೆ ಅವಳು ನಡೆದ ವೇಗಕ್ಕೆ ಎರಡು ಆಟೋಗಳು ತಾವಾಗಿಯೇ ದಾರಿ ಬಿಟ್ಟವು.

"ಏಯ್ ಅಭಿರಾಮ! ನಿಂಗೆ ಗೊತ್ತಿತ್ತು."

'ನೀವು' ಎಲ್ಲಿ ಬಿದ್ದುಹೋಯಿತೋ ಇಬ್ಬರೂ ಗಮನಿಸಲಿಲ್ಲ.

"...ಹೂಂ."

"ಮತ್ತೆ ಯಾಕೆ ಬಾಯಿ ಮುಚ್ಕೊಂಡೆ?"

"ಅಷ್ಟು ಜನರ ಮುಂದೆ ನಿನ್ನನ್ನ ಹೇಗೆ... ಬೆಳಿಗ್ಗೆ ಅಮ್ಮ ಅಂತ ಅಂದೆಯಲ್ಲ, ಅವಾಗ ನಿನ್ನ ದನಿ ನಡುಗ್ತು. ಅದಾದ್ಮೇಲೆ ಹೇಳೋಕಾಗ್ಲಿಲ್ಲ."

"ನಾನೇನು ಒಡೆದುಹೋಗೋ ಮಡಕೆನಾ? ಊರೆಲ್ಲ ನಿನ್ನ ಬೈತಾ ಇದ್ರೆ ನಾನು ಗೆದ್ದೆ ಅಂತ ಮೆರೀಬೇಕಿತ್ತಾ? ಯಾವ ಅಧಿಕಾರ ನಿಂಗೆ?"

"ಅಧಿಕಾರ ಏನಿಲ್ಲ." ಅವನು ಬ್ಯಾಗಿನ ಪಟ್ಟಿ ಹಿಡಿದು ನಿಂತ. "ಪ್ರತಿ ಪೆಟ್ಟಿಗೆ ಮೇಲೂ ಅದು ಯಾಕೆ ಇದೆ ಅಂತ ಎರಡು ಸಾಲು ಬರೀತೀಯಲ್ಲ... ಮೂರು ತಿಂಗಳಿಂದ ಅದನ್ನ ಓದೋಕೇ ಬೇಗ ಆಫೀಸಿಗೆ ಬರ್ತಿದ್ದೆ. ಮುಖ ನೋಡೋಕೆ ಮುಂಚೆನೇ ನೀನು ಇಷ್ಟ ಆಗ್ಬಿಟ್ಟಿದ್ದೆ."

ಲಾವಣ್ಯಾಳ ಎದೆ ಧಸಕ್ ಎಂದ ಸದ್ದು ಚಾಮರಾಜಪೇಟೆಯವರೆಗೂ ಕೇಳಿತು. ಆದರೆ ಅವಳ ಹುಬ್ಬು ಮಾತ್ರ ಸಡಿಲವಾಗಲಿಲ್ಲ.

"ಇಷ್ಟ ಇದ್ರೆ ಮುಖಕ್ಕೆ ಹೇಳು. ತಪ್ಪು ಯಾರ್ದು?"

"ಬಿಡು ಲಾವಣ್ಯಾ..."

"ಹೇಳು."

"ನಿಂದು." ಅವನು ಉಸಿರೆಳೆದುಕೊಂಡ. "ಮೊದಲಿಂದ ಓಡಿಸದೆ ನಂಬಿದ್ದು ನಂದು."

"ಹಾಂ. ಹೀಗೆ ಹೇಳು. ನಡಿ ವಾಪಸ್."

ಶೈಲಜಮ್ಮನವರ ಮುಂದೆ ಅವಳೇ ಎಲ್ಲವನ್ನೂ ಹೇಳಿದಳು, ಒಂದಕ್ಷರ ಬಿಡದೆ. ಅವರು ಕನ್ನಡಕ ತೆಗೆದು ಇಬ್ಬರನ್ನೂ ನೋಡಿದರು.

"ಬೆಳಿಗ್ಗೆ ಅವನಿಗೆ ಬೈದಿದ್ದರಲ್ಲಿ ಅರ್ಧ ನಿಂಗೆ ಸೇರಬೇಕು ಕಣಮ್ಮ. ಅಭಿರಾಮ, ನೋಟ್‌ಬುಕ್ ನಿಮ್ಮ ಹತ್ರಾನೇ ಇರ್ಲಿ. ಇನ್ಮೇಲೆ ಯಾವ ಲೆಕ್ಕ ನನ್ನ ಮೇಜಿಗೆ ಬರಬೇಕಾದ್ರೂ ಒಬ್ಬರು ಬರೆದಿದ್ದನ್ನ ಇನ್ನೊಬ್ಬರು ಮೊದಲಿಂದ ಓಡಿಸಿರ್ಬೇಕು."

ಮೆಟ್ಟಿಲಿಳಿಯುವಾಗ ಲಾವಣ್ಯಾ ತಟ್ಟನೆ ನಿಂತಳು. ಕೋಪವೆಲ್ಲ ಸುರಿದು ಹೋಗಿ ಕಣ್ಣಂಚು ಒದ್ದೆಯಾಗಿತ್ತು.

"ನಾಳೆ ಓಕಳಿಪುರಂಗೆ ಬಾ. ಅಮ್ಮಂಗೆ ನಾನೇ ಹೇಳ್ಬೇಕು. ನೀನು ಪಕ್ಕದಲ್ಲಿ ನಿಂತ್ಕೋ ಅಷ್ಟೆ. ನನ್ನ ಪರವಾಗಿ ಒಂದು ಮಾತೂ ಆಡ್ಬೇಡ."

"ಆಡಲ್ಲ."

"ಅಮ್ಮ ತುಂಬಾ ಬೈತಾಳೆ."

"ಬೈಲಿ."

"ನೀನು ಯಾರು ಅಂತ ಕೇಳ್ತಾಳೆ..."

ಅವನು ಬಾಯಿ ತೆರೆದು, ಈಗಷ್ಟೇ ಕೊಟ್ಟ ಮಾತು ನೆನಪಾಗಿ, ಮುಚ್ಚಿದ.

ಲಾವಣ್ಯಾ ಅವನ ಬೆರಳಿಗೆ ಬೆರಳು ಸೇರಿಸಿದಳು. "ಅದನ್ನೂ ನಾನೇ ಹೇಳ್ತೀನಿ."